ಎಳೆಯ ಬೋನ್ಸಾಯ್‌ಗೆ ನಿಧಾನದ ಗೊಬ್ಬರ

ಹಿತ್ತಲು ಎಂಬ ಶಬ್ದವು ನಮ್ಮ ನಗರಗಳ ಮನೆಗಳಿಂದ ಮೆಲ್ಲಮೆಲ್ಲನೆ ಮರೆಯಾಗುತ್ತಿದೆ. ನುಗ್ಗೆ, ಕರಿಬೇವು, ಪಾರಿಜಾತಗಳಿಗೆ ಮೀಸಲಾಗಿದ್ದ ನೆಲದ ಮೇಲೆ ಈಗ ಮೋಟಾರು ವಾಹನಗಳು ನಿಲ್ಲುತ್ತವೆ. ಆದರೂ ಹಸುರನ್ನು ಕಾಣದೆ ಬಾಳಲಾರದ ಜೀವ ನಮ್ಮದು. ಆ ಕಾರಣದಿಂದಲೇ ಇರಬೇಕು, ಮಾಳಿಗೆಯ ಮೇಲೆ, ಜಗಲಿಯ ಅಂಚಿನಲ್ಲಿ, ಕಿಟಕಿಯ ಕಟ್ಟೆಯಲ್ಲಿ ಕುಂಡಗಳು ಸಾಲುಗಟ್ಟಿವೆ. ಅವುಗಳ ನಡುವೆ ಒಂದಾದರೂ ಬೋನ್ಸಾಯ್ ಗಿಡ ಇರಬೇಕೆಂಬ ಆಸೆ ಇತ್ತೀಚೆಗೆ ಗೃಹಿಣಿಯರಲ್ಲಿಯೂ ತರುಣರಲ್ಲಿಯೂ ಹೆಚ್ಚಿರುವುದನ್ನು ನಾವು ಕಂಡಿದ್ದೇವೆ. ಬೆಂಗಳೂರಿನ ಲಾಲ್‌ಬಾಗಿನ ಬೋನ್ಸಾಯ್ ತೋಟವನ್ನೋ ಮೈಸೂರಿನ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನವನ್ನೋ ನೋಡಿ ಬಂದವರು ಮರುವಾರವೇ ಒಂದು ಅತ್ತಿಯ ಸಸಿಯನ್ನು ತಂದು ತಟ್ಟೆಯಂಥ ಕುಂಡದಲ್ಲಿ ಕೂರಿಸುತ್ತಾರೆ. ಆಮೇಲೆ ಅದಕ್ಕೆ ಏನು ಉಣಿಸಬೇಕೆಂಬ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಹಾಕಿದರೆ ಸಾಕೆನ್ನುವ ಗುಳಿಗೆಗಳು ಸಿಗುತ್ತವೆ. ಅವನ್ನು ಹಾಕಬಹುದೆ? ಎಷ್ಟು? ಯಾವಾಗ?

ಈ ಪ್ರಶ್ನೆಗೆ ಉತ್ತರ ಹೇಳಲು ನಮಗಿರುವ ಅರ್ಹತೆ ಪಾಂಡಿತ್ಯದ್ದಲ್ಲ, ತಪ್ಪಿನದು. ಎರಡು ಗಿಡಗಳನ್ನು ನಮ್ಮ ಕೈಯಾರೆ ಕೊಂದ ಬಳಿಕ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಹುಟ್ಟೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಆಲದ ಮರವಿತ್ತು. ಅದರ ವಯಸ್ಸು ಊರಿನ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಜ್ಜನವರು ಬಾಲ್ಯದಲ್ಲಿ ಅದರ ಬಿಳಲಿಗೆ ಜೋತುಬಿದ್ದು ಆಡಿದ್ದರಂತೆ, ನಾವೂ ಆಡಿದೆವು. ಮಠದ ಪಾಠಶಾಲೆಗೆ ಓದಲು ಹೊರಟ ದಿನ ತಾಯಿ ನಮ್ಮ ಕೈಗೆ ರೊಟ್ಟಿಯ ಗಂಟು ಕೊಟ್ಟು ಕಣ್ಣೊರೆಸಿಕೊಂಡದ್ದು ಅದೇ ಮರದ ನೆರಳಿನಲ್ಲಿ. ೨೦೧೯ರಲ್ಲಿ ರಸ್ತೆಯನ್ನು ಅಗಲ ಮಾಡುವ ಕೆಲಸ ಊರಿನವರೆಗೆ ಬಂದಿತು. ಒಂದು ಸಂಜೆ ತಮ್ಮ ದೂರವಾಣಿಯಲ್ಲಿ, “ಅಣ್ಣಾ, ನಾಳೆ ಆಲದ ಮರಾ ಕಡೀತಾರಂತ” ಎಂದಷ್ಟೇ ಹೇಳಿ ಸುಮ್ಮನಾದ. ಮರುದಿನ ನಾವು ಧಾರವಾಡದಿಂದ ಹೋಗಿ ಮುಟ್ಟುವಷ್ಟರಲ್ಲಿ ಮರ ನೆಲಕ್ಕೊರಗಿತ್ತು. ಜನ ಸೌದೆ ಆಯುತ್ತಿದ್ದರು. ನಾವು ಹೆಬ್ಬೆರಳ ದಪ್ಪದ ಆರು ಟೊಂಗೆಗಳನ್ನು ಕತ್ತರಿಸಿಕೊಂಡು, ಹಸಿ ಗೋಣಿಚೀಲದಲ್ಲಿ ಸುತ್ತಿ ತಂದೆವು. ಆಲವು ಟೊಂಗೆಯಿಂದಲೂ ಬೇರು ಬಿಡುವ ಜಾತಿ. ಆರರಲ್ಲಿ ಮೂರು ಚಿಗುರಿದವು.

ಅವನ್ನು ನೆಡಲು ನಮಗೆ ಹೊಲವಿರಲಿಲ್ಲ. ಇದ್ದ ಹೊಲ ತಮ್ಮನ ಪಾಲಿಗೆ ಬಂದು, ಅದರಲ್ಲಿ ಅರ್ಧ ಅದೇ ರಸ್ತೆಗೆ ಹೋಗಿತ್ತು. ಆದ್ದರಿಂದ ಕುಂಡವೇ ಗತಿಯಾಯಿತು. ಬೋನ್ಸಾಯ್ ಎಂಬ ವಿದ್ಯೆಯ ಕಡೆಗೆ ನಾವು ತಿರುಗಿದ್ದು ಹೀಗೆ, ಶೋಕಿಯಿಂದಲ್ಲ.

ಮೂರು ಸಸಿಗಳೂ ಒಂದು ವರ್ಷ ಚೆನ್ನಾಗಿ ಬೆಳೆದವು. ಎರಡನೆಯ ಬೇಸಿಗೆಯಲ್ಲಿ ಬಂಧುಗಳ ಹುಡುಗನೊಬ್ಬ ಬೆಂಗಳೂರಿನಿಂದ ಬರುವಾಗ ಒಂದು ಡಬ್ಬಿ ತಂದುಕೊಟ್ಟ. ಅದರೊಳಗೆ ಕೊತ್ತಂಬರಿ ಕಾಳಿನ ಗಾತ್ರದ, ಹಳದಿ ಬಣ್ಣದ, ನುಣುಪಾದ ಗುಳಿಗೆಗಳು. ನಿಧಾನವಾಗಿ ಕರಗುವ ಗೊಬ್ಬರವೆಂದು ಹೇಳಿದ. ನಾವು ಪಾಠಶಾಲೆಯಲ್ಲಿದ್ದಾಗ ಅಲ್ಲಿನ ವೈದ್ಯರ ಬಳಿ ಕುಳಿತು ಚೂರ್ಣಗಳನ್ನು ಅರೆದವರು. ದ್ರವ್ಯವು ಎಷ್ಟು ನುಣ್ಣಗಾದರೆ ಅಷ್ಟು ಗುಣಕಾರಿ ಎಂಬುದು ಅಂದಿನಿಂದ ಮನಸ್ಸಿನಲ್ಲಿ ಬೇರೂರಿದ ನಂಬಿಕೆ. ಗಟ್ಟಿ ಕಾಳು ಎಳೆಯ ಬೇರಿಗೆ ಹೇಗೆ ದಕ್ಕೀತು ಎಂದುಕೊಂಡು, ಮೂರು ಚಮಚೆ ಗುಳಿಗೆಗಳನ್ನು ಕಲಬತ್ತಿನಲ್ಲಿ ಹಾಕಿ ಚೆನ್ನಾಗಿ ಕುಟ್ಟಿ ಪುಡಿ ಮಾಡಿದೆವು. ಮೊದಲೆರಡು ಕುಂಡಗಳಿಗೆ ಧಾರಾಳವಾಗಿ ಹಾಕಿ ನೀರೆರೆದೆವು. ಮೂರನೆಯದಕ್ಕೆ ಉಳಿದದ್ದು ಒಂದು ಚಿಟಿಕೆ ಮಾತ್ರ. ಅದು ಏಪ್ರಿಲ್ ತಿಂಗಳು.

ನಾಲ್ಕನೆಯ ದಿನ ಎಲೆಗಳ ಅಂಚು ಸುಟ್ಟಂತೆ ಕಂದಿತು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರು ಹಾಕಿದೆವು. ವಾರದೊಳಗೆ ಎರಡೂ ಗಿಡಗಳು ಬೋಳಾದವು. ಆಗ ನೆರೆಮನೆಯಲ್ಲಿದ್ದ ನಿವೃತ್ತ ಪ್ರಾಧ್ಯಾಪಕರನ್ನು ಕರೆದೆವು. ಅವರು ಮಣ್ಣಿನ ಶಾಸ್ತ್ರವನ್ನು ಜೀವನವಿಡೀ ಬೋಧಿಸಿದವರು. ಒಂದು ಗಿಡವನ್ನು ಕಿತ್ತು ಬೇರನ್ನು ತೋರಿಸಿದರು. ಬೆಳ್ಳಗಿರಬೇಕಾದ ತುದಿಗಳು ಚಹಾದ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿದ್ದವು. ಡಬ್ಬಿಯನ್ನೂ ಕಲಬತ್ತನ್ನೂ ನೋಡಿದ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಗುರುಗಳ, ಆರು ತಿಂಗಳ ಊಟಾ ಒಂದ ಹೊತ್ತಿಗೆ ಉಣಿಸಿಬಿಟ್ಟೀರಿ ನೋಡ್ರಿ” ಎಂದರು.

ಆ ಗುಳಿಗೆಯ ರಹಸ್ಯ ಅದರ ಸಿಪ್ಪೆಯಲ್ಲಿದೆ ಎಂಬುದನ್ನು ನಾವು ತಿಳಿದದ್ದು ಆಗ. ಒಳಗಿರುವುದು ಸಾಮಾನ್ಯ ರಸಗೊಬ್ಬರವೇ: ಎಲೆ ಚಿಗುರಿಗೆ ಬೇಕಾದ ಸಾರಜನಕ, ಬೇರಿಗೂ ಹೂವಿಗೂ ಬೇಕಾದ ರಂಜಕ, ಒಟ್ಟು ಗಿಡದ ಗಟ್ಟಿತನಕ್ಕೆ ಬೇಕಾದ ಪೊಟ್ಯಾಷ್, ಇವುಗಳ ಲವಣಗಳು. ಹೊರಗೆ ರಾಳದ ಅಥವಾ ಪಾಲಿಮರಿನ ತೆಳುವಾದ ಹೊದಿಕೆ. ಮಣ್ಣಿನ ತೇವವು ಹೊದಿಕೆಯ ಮೂಲಕ ಒಳಸೇರಿ ಲವಣವನ್ನು ಕರಗಿಸುತ್ತದೆ. ಕರಗಿದ ರಸವು ಅದೇ ಹೊದಿಕೆಯ ಮೂಲಕ ಇಷ್ಟಿಷ್ಟೇ ಹೊರಗೆ ಒಸರುತ್ತದೆ. ಸಿಪ್ಪೆ ಒಡೆದರೆ ಈ ವ್ಯವಸ್ಥೆಯೇ ಇಲ್ಲವಾಗಿ ಎಲ್ಲ ಲವಣವೂ ಒಮ್ಮೆಲೇ ಮಣ್ಣಿಗೆ ಇಳಿಯುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿದಾಗ ಹೋಳು ನೀರು ಬಿಡುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಬೇರಿನ ಸುತ್ತ ಲವಣ ಹೆಚ್ಚಾದಾಗ ಆಗುವುದೂ ಅದೇ. ಬೇರು ನೀರು ಕುಡಿಯುವ ಬದಲು ತನ್ನೊಳಗಿನ ನೀರನ್ನು ಮಣ್ಣಿಗೆ ಬಿಟ್ಟುಕೊಡುತ್ತದೆ. ಹಸಿ ಮಣ್ಣಿನಲ್ಲಿ ನಿಂತ ಗಿಡ ಬಾಯಾರಿ ಸಾಯುತ್ತದೆ.

ಮೂರನೆಯ ಸಸಿಯನ್ನು ಪ್ರಾಧ್ಯಾಪಕರೇ ಉಳಿಸಿದರು. ಮೇಲಿನ ಪುಡಿಮಣ್ಣನ್ನು ಚಮಚೆಯಿಂದ ಕೆರೆದು ತೆಗೆಸಿ, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಇರಿಸಿ, ಅದರ ಅಳತೆಯ ಐದಾರು ಪಟ್ಟು ನೀರನ್ನು ಮೆಲ್ಲಗೆ ಹಾಯಿಸಿ ತಳದ ರಂಧ್ರದಿಂದ ಹರಿದುಹೋಗಲು ಬಿಟ್ಟರು. ಎರಡು ದಿನ ಬಿಟ್ಟು ಮತ್ತೊಮ್ಮೆ. ಆಮೇಲೆ ನೆರಳಿನಲ್ಲಿ ಒಂದು ತಿಂಗಳು. ಗೊಬ್ಬರದ ಹೆಸರೆತ್ತಬಾರದೆಂದು ಕಟ್ಟಪ್ಪಣೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಲವಣ ಮೊದಲೇ ಇರುವುದರಿಂದ ನಲ್ಲಿಯ ಸಿಹಿನೀರನ್ನೇ ಬಳಸಿದೆವು. ಕುಂಡದ ಅಂಚಿನಲ್ಲಿ ಬಿಳಿಯ ಸುಣ್ಣದಂಥ ಪದರ ಕಟ್ಟುವುದನ್ನು ಓದುಗರು ಕಂಡಿರಬಹುದು. ಅದು ಇದೇ ಲವಣದ ಗುರುತು. ಗೊಬ್ಬರ ಹಾಕದಿದ್ದರೂ ಗಡಸು ನೀರಿನಿಂದಲೇ ಅದು ಕಾಣಿಸಿಕೊಳ್ಳುವುದುಂಟು. ಕಂಡಾಗ ಹೀಗೆ ನೀರು ಹಾಯಿಸಿ ತೊಳೆಯುವುದು ಲೇಸು.

ಬೋನ್ಸಾಯ್ ಎಂದರೆ ಗಿಡವನ್ನು ಉಪವಾಸ ಕೆಡವಿ ಕುಬ್ಜಗೊಳಿಸುವ ಕ್ರೌರ್ಯವೆಂದು ಬಗೆದವರು ನಮ್ಮಲ್ಲಿ ಬಹಳ. ನಮ್ಮ ಮನೆಗೆ ಬಂದ ಹಿರಿಯರೊಬ್ಬರು ಆ ಸಸಿಯನ್ನು ನೋಡಿ, “ಪಾಪದ ಕೆಲಸಾ ಯಾಕ ಮಾಡ್ತೀರಿ?” ಎಂದು ನೇರವಾಗಿಯೇ ಕೇಳಿದರು. ಅವರ ಕನಿಕರವನ್ನು ನಾವು ಗೌರವಿಸುತ್ತೇವೆ. ಆದರೆ ಅವರ ತಿಳಿವಳಿಕೆ ಸರಿಯಲ್ಲ. ಗಿಡವನ್ನು ಗಿಡ್ಡವಾಗಿ ಇಡುವುದು ಚಿಗುರನ್ನೂ ಬೇರನ್ನೂ ಕಾಲಕಾಲಕ್ಕೆ ಸವರುವುದರಿಂದ ಮತ್ತು ಕುಂಡದ ಮಿತಿಯಿಂದ. ಹಸಿವೆಗೆ ಅದರಲ್ಲಿ ಪಾತ್ರವಿಲ್ಲ. ಹಸಿದ ಗಿಡಕ್ಕೆ ಕತ್ತರಿ ತಗುಲಿದರೆ ಅದು ಮರುಚಿಗುರಲಾರದೆ ಸೊರಗುತ್ತದೆ. ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿ ಒಂದು ಬಿಳಿ ಪೈನ್ ಮರವಿದೆ. ೧೬೨೫ರಿಂದ ಕುಂಡದಲ್ಲಿ ಬೆಳೆದು ಬಂದಿದೆಯೆಂದು ಅದರ ಚರಿತ್ರೆ. ಹಿರೋಶಿಮಾದ ಯಾಮಾಕಿ ಮನೆತನದವರು ಅದನ್ನು ೧೯೭೬ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು. ೧೯೪೫ರಲ್ಲಿ ಅಣುಬಾಂಬು ಬಿದ್ದಾಗ ಅದೇ ಮರ ಆ ಮನೆಯ ಅಂಗಳದಲ್ಲಿತ್ತು ಎಂಬ ಸಂಗತಿ ಅಮೆರಿಕದವರಿಗೆ ತಿಳಿದದ್ದು ೨೦೦೧ರಲ್ಲಿ, ದಾನಿಯ ಮೊಮ್ಮಕ್ಕಳು ಅದನ್ನು ನೋಡಲು ಬಂದಾಗ. ಹಸಿವಿನಲ್ಲಿಟ್ಟ ಮರ ತಲೆಮಾರುಗಳನ್ನು ದಾಟಿ ಹೀಗೆ ಬಾಳುವುದಿಲ್ಲ.

ಇನ್ನು ಎಳೆಯ ಗಿಡದ ಮಾತು ಬೇರೆಯೇ ಆಗಿದೆ. ಕಡ್ಡಿ ನೆಟ್ಟ ಅಥವಾ ಬೀಜ ಮೊಳೆತ ಮೊದಲ ನಾಲ್ಕೈದು ವರ್ಷಗಳಲ್ಲಿ ಅದರ ಕಾಂಡ ದಪ್ಪವಾಗಬೇಕು, ಬೇರು ಹರಡಬೇಕು. ಈ ಹಂತದಲ್ಲಿ ಅದಕ್ಕೆ ಅಂದದ ತಟ್ಟೆ ಬೇಡ. ಸಾಮಾನ್ಯ ಮಣ್ಣಿನ ಕುಂಡ ಸಾಕು, ನೆಲವಿದ್ದರೆ ಇನ್ನೂ ಉತ್ತಮ. ಟೊಂಗೆಗಳನ್ನು ಉದ್ದಕ್ಕೆ ಹೋಗಲು ಬಿಟ್ಟರೆ ಕಾಂಡ ದಪ್ಪವಾಗುತ್ತದೆ. ಆಗ ಸಾರಜನಕವೂ ಧಾರಾಳವಾಗಿ ಬೇಕು. ಆಕಾರ ಬಂದ ಹಳೆಯ ಬೋನ್ಸಾಯ್‌ಗೆ ಅಷ್ಟೇ ಸಾರಜನಕ ಕೊಟ್ಟರೆ ಎಲೆ ಅಗಲವಾಗಿ, ಗೆಣ್ಣುಗಳ ನಡುವಣ ಅಂತರ ಉದ್ದವಾಗಿ, ವರ್ಷಗಳ ಶ್ರಮ ಹಾಳಾಗುತ್ತದೆ. ಪುಸ್ತಕಗಳಲ್ಲಿ ಮಿತವಾಗಿ ಕೊಡಿ ಎಂದು ಬರೆದಿರುವುದು ಹೆಚ್ಚಾಗಿ ಮುದಿ ಮರಗಳನ್ನು ಕುರಿತು. ಅದನ್ನು ಓದಿ ಎಳೆಯದನ್ನು ಒಣಗಿಸುವವರೂ ಇದ್ದಾರೆ, ನಮ್ಮಂತೆ ಅತಿಯಾಗಿ ಉಣಿಸಿ ಕೊಲ್ಲುವವರೂ ಇದ್ದಾರೆ.

ಬೋನ್ಸಾಯ್ ಮಣ್ಣು ಬಹಳ ಜಾಳು. ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆಯ ಚೂರು, ಸ್ವಲ್ಪ ಎಲೆಗೊಬ್ಬರ, ಇವುಗಳ ಮಿಶ್ರಣದಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆದರೆ ನೀರಿನೊಂದಿಗೆ ಸಾರವೂ ಕೆಳಗೆ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರೆರೆಯುವ ಮನೆಯಲ್ಲಿ, ಯೂರಿಯಾ ಕರಗಿಸಿ ಹಾಕಿದರೆ ಮೊದಲ ದಿನ ಅತಿ, ಮೂರನೆಯ ದಿನ ಶೂನ್ಯ. ನಿಧಾನದ ಗೊಬ್ಬರದ ಉಪಯೋಗ ಇರುವುದು ಇಲ್ಲಿಯೇ. ನಮ್ಮ ರೈತರಿಗೆ ಪರಿಚಿತವಾದ ಬೇವು ಲೇಪಿತ ಯೂರಿಯಾವನ್ನೂ ಕೆಲವರು ಇದೇ ವರ್ಗಕ್ಕೆ ಸೇರಿಸುತ್ತಾರೆ. ದೇಶದ ಯೂರಿಯಾವೆಲ್ಲ ಬೇವು ಲೇಪಿತವಾಗಿರಬೇಕೆಂದು ೨೦೧೫ರಲ್ಲಿ ಕೇಂದ್ರ ಸರಕಾರ ಕಡ್ಡಾಯ ಮಾಡಿತು. ಬೇವು ಅಲ್ಲಿ ಮಾಡುವ ಕೆಲಸವೆಂದರೆ ಸಾರಜನಕವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳ ವೇಗವನ್ನು ತಗ್ಗಿಸುವುದು. ಯೂರಿಯಾ ಕರಗುವುದೇನೋ ಕೂಡಲೇ ಕರಗುತ್ತದೆ. ಆದುದರಿಂದ ಹೊಲಕ್ಕೆ ಅದು ಒಳ್ಳೆಯದಾದರೂ ಅಂಗೈಯಗಲದ ಕುಂಡಕ್ಕೆ ತಕ್ಕುದಲ್ಲ.

ಹೊದಿಕೆಯ ಗುಳಿಗೆಗಳು ಬಳಕೆಗೆ ಬಂದದ್ದು ೧೯೬೦ರ ದಶಕದಲ್ಲಿ, ಅಮೆರಿಕದಲ್ಲಿ. ಆಸ್ಮೋಕೋಟ್ ಎಂಬ ಹೆಸರು ಆಗಿನಿಂದ ಪ್ರಸಿದ್ಧ. ಡಬ್ಬಿಯ ಮೇಲೆ ಮೂರು–ನಾಲ್ಕು ತಿಂಗಳು, ಐದು–ಆರು ತಿಂಗಳು ಎಂದು ಅವಧಿ ಮುದ್ರಿತವಾಗಿರುತ್ತದೆ. ಇಲ್ಲಿಯೇ ನಮ್ಮವರು ಎಡವುವುದು. ಆ ಅವಧಿಯ ಲೆಕ್ಕ ಮಣ್ಣಿನ ತಾಪ ೨೧ ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಸಾರ ಒಸರುವ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿನ ಪ್ರಮಾಣವಲ್ಲ, ತಾಪ. ತಾಪ ಹತ್ತು ಡಿಗ್ರಿಯಷ್ಟು ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಪ್ರಾಧ್ಯಾಪಕರು ಹೇಳಿದರು. ಧಾರವಾಡದಲ್ಲಿಯೇ ಏಪ್ರಿಲ್‌ನ ಹಗಲು ೩೬ ಡಿಗ್ರಿ ಮುಟ್ಟುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ೪೦ನ್ನು ದಾಟುತ್ತದೆ. ಬಿಸಿಲಿಗೆ ಇಟ್ಟ ಕುಂಡದ ಮಣ್ಣು ಗಾಳಿಗಿಂತಲೂ ಬಿಸಿಯಾಗುತ್ತದೆ, ಕಪ್ಪು ಪ್ಲಾಸ್ಟಿಕ್ ಕುಂಡವಾದರಂತೂ ಕೈ ಇಡಲಾಗುವುದಿಲ್ಲ. ಅಲ್ಲಿ ನಾಲ್ಕು ತಿಂಗಳ ಆಹಾರ ಎರಡು ತಿಂಗಳೊಳಗೇ ಸುರಿದುಹೋಗಬಹುದು. ಗಿಡವೋ ಕಡುಬಿಸಿಲಿನಲ್ಲಿ ಬೆಳವಣಿಗೆಯನ್ನು ತಗ್ಗಿಸಿ ಜೀವ ಹಿಡಿದುಕೊಂಡಿರುತ್ತದೆ. ಅದು ಬೇಡವೆನ್ನುವ ಹೊತ್ತಿಗೆ ಗುಳಿಗೆ ಹೆಚ್ಚು ಉಣಿಸುತ್ತದೆ. ಕುಟ್ಟದೆ ಹಾಕಿದ್ದರೂ ಆ ಏಪ್ರಿಲ್‌ನಲ್ಲಿ ಮೂರು ಚಮಚೆ ನಮ್ಮ ಸಸಿಗಳಿಗೆ ಅಪಾಯವೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಹೀಗಾಗಿ ನಾವು ಕಂಡುಕೊಂಡ ಕಾಲ ಜೂನ್ ತಿಂಗಳ ಎರಡನೆಯ ವಾರ. ಮುಂಗಾರು ಹಿಡಿದು ನೆಲ ತಂಪಾದ ಮೇಲೆ ಧಾರವಾಡ, ಬೆಳಗಾವಿ, ಮಲೆನಾಡಿನ ಅಂಚಿನ ಊರುಗಳಲ್ಲಿ ಸರಾಸರಿ ತಾಪವು ಡಬ್ಬಿಯ ಮೇಲಿನ ಲೆಕ್ಕಕ್ಕೆ ಬಹಳ ದೂರವಿರುವುದಿಲ್ಲ. ಆಲ, ಅತ್ತಿ, ಅರಳಿ, ಬಸರಿ ಮುಂತಾದವು ಚಿಗುರುವ ಕಾಲವೂ ಅದೇ. ಮೂರು–ನಾಲ್ಕು ತಿಂಗಳ ಗುಳಿಗೆಯನ್ನು ಆಗ ಹಾಕಿದರೆ ಸೆಪ್ಟೆಂಬರ್ ವೇಳೆಗೆ ಅದು ಮುಗಿಯುತ್ತದೆ. ಅಕ್ಟೋಬರಿನಲ್ಲಿ ಬೇಕಾದರೆ ಅರ್ಧ ಪ್ರಮಾಣ. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೇಡ. ಮಾರ್ಚ್‌ನಿಂದ ಮೇ ತನಕ ಬೇಡವೇ ಬೇಡ. ಬಯಲುಸೀಮೆಯ ಬಿಸಿ ಊರುಗಳಲ್ಲಿ ಇರುವವರು ಪ್ರಮಾಣವನ್ನು ಇನ್ನೂ ತಗ್ಗಿಸಿ, ಕುಂಡಕ್ಕೆ ನಡುಹಗಲ ನೆರಳು ಮಾಡಿಕೊಳ್ಳಬೇಕು.

ಪ್ರಮಾಣವನ್ನು ಗಿಡದ ಎತ್ತರ ನೋಡಿ ನಿಶ್ಚಯಿಸಬಾರದು, ಮಣ್ಣಿನ ಅಳತೆ ನೋಡಿ ನಿಶ್ಚಯಿಸಬೇಕು. ಖಾಲಿ ಕುಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿ, ಎಷ್ಟು ಲೀಟರು ಹಿಡಿಯಿತೆಂದು ಒಮ್ಮೆ ಅಳೆದಿಟ್ಟುಕೊಂಡರೆ ಆಯಿತು. ಲೀಟರು ಮಣ್ಣಿಗೆ ಮೂರು–ನಾಲ್ಕು ಗ್ರಾಂ ಎಂಬುದು ಸಾಮಾನ್ಯ ಕುಂಡದ ಗಿಡಗಳಿಗೆ ಹೇಳುವ ಮಾತು. ಹೊಸಬರು ಅದರ ಅರ್ಧದಿಂದ, ಎಂದರೆ ಲೀಟರಿಗೆ ಎರಡು ಗ್ರಾಂ ಮೀರದೆ ಆರಂಭಿಸಲಿ. ಚಹಾದ ಚಮಚೆಯ ಮಟ್ಟಸ ತುಂಬು ಸುಮಾರು ಐದು ಗ್ರಾಂ. ಆದ್ದರಿಂದ ಎರಡು ಲೀಟರು ಮಣ್ಣಿನ ಕುಂಡಕ್ಕೆ ಮುಕ್ಕಾಲು ಚಮಚೆ ಸಾಕು. ಕೈಯಳತೆಯನ್ನು ನಂಬಬೇಡಿರಿ. ಬಡಿಸುವ ಕೈ ನಮ್ಮ ನಾಡಿನಲ್ಲಿ ಸ್ವಭಾವದಿಂದಲೇ ಉದಾರ.

ಗುಳಿಗೆಗಳನ್ನು ಮಣ್ಣಿನ ಮೇಲೆ ಚೆಲ್ಲಿದರೆ ನೀರೆರೆಯುವಾಗ ತೇಲಿ ಹೊರಬೀಳುತ್ತವೆ. ಗುಬ್ಬಿಗಳೂ ಕಾಳೆಂದು ಭ್ರಮಿಸಿ ಕೆದಕುತ್ತವೆ. ನಾವು ಹಳೆಯ ತೆಳು ಪಂಚೆಯ ತುಂಡಿನಲ್ಲಿ ಚಿಕ್ಕ ಚಿಕ್ಕ ಪೊಟ್ಟಣಗಳನ್ನು ಕಟ್ಟಿ ಕುಂಡದ ಅಂಚಿನಲ್ಲಿ ಅರ್ಧ ಹೂಳುತ್ತೇವೆ, ಕಾಂಡಕ್ಕೆ ತಾಗದಂತೆ. ಇದರಿಂದ ಇನ್ನೊಂದು ಲಾಭವಿದೆ. ಗಿಡಕ್ಕೆ ಏನಾದರೂ ಆದರೆ ಪೊಟ್ಟಣವನ್ನು ಎತ್ತಿ ಬಿಸಾಡಬಹುದು. ಮಣ್ಣಿನಲ್ಲಿ ಕಲಸಿದ್ದನ್ನು ಆಯ್ದು ತೆಗೆಯಲಾಗದು. ಹಾಕಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಸಿಕ್ಕಿಸಿರಿ. ಏಕೆಂದರೆ ಸಾರವೆಲ್ಲ ಮುಗಿದ ಮೇಲೂ ಗುಳಿಗೆಯ ಸಿಪ್ಪೆ ಹಾಗೆಯೇ ದುಂಡಗೆ ಉಳಿದಿರುತ್ತದೆ. ಇನ್ನೂ ಇದೆಯೆಂದು ಸುಮ್ಮನಿರುವವರುಂಟು. ಬೆರಳಿನಲ್ಲಿ ಹಿಚುಕಿ ನೋಡಿರಿ. ಬರೀ ನೀರು ಚಿಮ್ಮಿದರೆ ಮುಗಿದಿದೆ, ಒಳಗೆ ಗಟ್ಟಿಯಾಗಿ ಸಿಕ್ಕರೆ ಉಳಿದಿದೆ. ಈ ಖಾಲಿ ಸಿಪ್ಪೆಗಳು ಪ್ಲಾಸ್ಟಿಕ್ಕಿನ ಜಾತಿಯವಾದ್ದರಿಂದ ಮಣ್ಣಿನಲ್ಲಿ ಬೇಗ ಜೀರ್ಣವಾಗುವುದಿಲ್ಲ ಎಂಬುದು ಅವುಗಳ ಮೇಲಿರುವ ನ್ಯಾಯವಾದ ದೂರು. ಐರೋಪ್ಯ ಒಕ್ಕೂಟವು ೨೦೧೯ರ ತನ್ನ ಗೊಬ್ಬರ ನಿಯಮದಲ್ಲಿ, ಇಂಥ ಹೊದಿಕೆಗಳು ಕೊಳೆತು ಮಣ್ಣಾಗುವಂಥವೇ ಆಗಿರಬೇಕೆಂದು ತಯಾರಕರಿಗೆ ಗಡುವು ವಿಧಿಸಿದೆ. ಪೊಟ್ಟಣ ಕಟ್ಟುವವರು ಸಿಪ್ಪೆಗಳನ್ನು ಮಣ್ಣಿಗೆ ಬಿಡದೆ ಎತ್ತಿಬಿಡಬಹುದು.

ಅದಂತಿರಲಿ. ಡಬ್ಬಿಯ ಗುಳಿಗೆಯೇ ಬೇಕೆಂದೇನೂ ಇಲ್ಲ. ಬೋನ್ಸಾಯ್ ವಿದ್ಯೆಯನ್ನು ಶಿಖರಕ್ಕೇರಿಸಿದ ಜಪಾನಿನವರು ಈಗಲೂ ಬಹುವಾಗಿ ನಂಬಿರುವುದು ಹಿಂಡಿಯನ್ನೇ ಎಂದು ತಿಳಿದು ನಮಗೆ ಬಹಳ ಸಂತೋಷವಾಯಿತು. ೧೯೨೩ರ ಮಹಾಭೂಕಂಪದ ಬಳಿಕ ತೋಕಿಯೋದ ಬೋನ್ಸಾಯ್ ಕುಶಲಿಗಳು ನಗರ ಬಿಟ್ಟು, ೧೯೨೫ರಲ್ಲಿ ಓಮಿಯಾ ಎಂಬಲ್ಲಿ ತಮ್ಮದೇ ಒಂದು ಹಳ್ಳಿಯನ್ನು ಕಟ್ಟಿಕೊಂಡರು. ಅದು ಇಂದಿಗೂ ಇದೆ. ಆ ದೇಶದ ಬೋನ್ಸಾಯ್ ಕುಂಡಗಳ ಮಣ್ಣಿನ ಮೇಲೆ ಕಂದು ಬಣ್ಣದ ಚಿಕ್ಕ ಉಂಡೆಗಳನ್ನು ಇಟ್ಟಿರುತ್ತಾರೆ. ಅದು ಸಾಸಿವೆಯ ಬಳಗದ ಎಣ್ಣೆಕಾಳಿನ ಹಿಂಡಿ, ಎಲುಬಿನ ಪುಡಿ ಬೆರೆಸಿದ್ದು. ಅದರಲ್ಲಿರುವ ಸಾರಜನಕ ನೀರಿನಲ್ಲಿ ನೇರವಾಗಿ ಕರಗುವಂಥದಲ್ಲ. ಸೂಕ್ಷ್ಮಜೀವಿಗಳು ಹಿಂಡಿಯನ್ನು ತಿಂದು ಜೀರ್ಣಿಸಿ ಬೇರಿಗೆ ಒದಗಿಸಬೇಕು. ನಿಧಾನವು ಅಲ್ಲಿ ತಾನಾಗಿಯೇ ಇದೆ.

ನಮ್ಮಲ್ಲಿ ಹಿಂಡಿಗೇನು ಬರವೆ? ಶೇಂಗಾ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಏಳರಷ್ಟು, ಬೇವಿನ ಹಿಂಡಿಯಲ್ಲಿ ಐದರಷ್ಟು, ಔಡಲ ಹಿಂಡಿಯಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು, ಹೊಂಗೆಯಲ್ಲಿ ಸುಮಾರು ನಾಲ್ಕು. ಗಿಡಮರಗಳ ಆರೈಕೆ ನಮಗೆ ಹೊಸ ವಿದ್ಯೆಯೂ ಅಲ್ಲ. ೧೦೨೫ರ ಸುಮಾರಿಗೆ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗ ಮೀಸಲಾಗಿದೆ. ಅದನ್ನು ಪಾಠಶಾಲೆಯಲ್ಲಿ ಓದಿದ್ದರೂ ನಾವು ಗುಳಿಗೆ ಕುಟ್ಟಿದವರು ಎಂಬುದನ್ನು ಓದುಗರು ಮರೆಯದಿರಲಿ.

ಉಂಡೆ ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ಏಕೆಂದರೆ ಇದು ಮನೆಯಲ್ಲಿ ಆಗುವ ಕೆಲಸ. ಶೇಂಗಾ ಹಿಂಡಿ ಮೂರು ಪಾಲು, ಬೇವಿನ ಹಿಂಡಿ ಒಂದು ಪಾಲು ತೆಗೆದುಕೊಂಡು ಪುಡಿ ಮಾಡಿ, ರೊಟ್ಟಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನೀರಿನಲ್ಲಿ ಕಲಸಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಇಟ್ಟರೆ ಹುದುಗಿ ಅದರ ಉರಿ ತಗ್ಗುತ್ತದೆ. ಡಬ್ಬಿಯನ್ನು ದಯವಿಟ್ಟು ಅಡಿಗೆಮನೆಯಿಂದ ದೂರವಿಡಿರಿ. ನಮ್ಮ ಮನೆಯವರು ಆ ವಾಸನೆಯ ವಿಷಯವಾಗಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ಬಳಿಕ ಅಡಿಕೆಯ ಗಾತ್ರದ ಉಂಡೆ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ವರ್ಷವಿಡೀ ಇಟ್ಟುಕೊಳ್ಳಬಹುದು. ಎರಡು ಲೀಟರಿನ ಕುಂಡಕ್ಕೆ ಮೂರು ಅಥವಾ ನಾಲ್ಕು ಉಂಡೆ, ಅಂಚಿನಲ್ಲಿ, ಮಣ್ಣಿನ ಮೇಲೆ. ಒಳಗೆ ಹೂಳಬಾರದು, ಹಸಿ ಹಿಂಡಿ ಮಣ್ಣಿನೊಳಗೆ ಕೊಳೆಯುವಾಗ ಕಾವೂ ಅಮೋನಿಯವೂ ಎದ್ದು ಎಳೆಯ ಬೇರಿಗೆ ತಗಲುತ್ತವೆ. ಆರು ವಾರಗಳ ಬಳಿಕ ಉಳಿದ ರಾಡಿಯನ್ನು ತೆಗೆದು ಹೊಸದನ್ನು ಬೇರೆ ಜಾಗದಲ್ಲಿ ಇಡಬೇಕು. ಹಾಗೆಯೇ ಬಿಟ್ಟರೆ ಅದು ಮಣ್ಣಿನ ಮೇಲ್ಮೈಯನ್ನು ಮೆತ್ತಿ ನೀರು ಇಳಿಯಗೊಡದು. ಇಲಿ ಮತ್ತು ನಾಯಿಗಳ ಕಾಟವಿದ್ದಲ್ಲಿ ಚಹಾ ಸೋಸುವ ಹಳೆಯ ಜಾಳಿಗೆಯನ್ನು ಉಂಡೆಯ ಮೇಲೆ ಬೋರಲು ಹಾಕಿರಿ. ಔಡಲ ಹಿಂಡಿ ಅಗ್ಗವಾಗಿ ಸಿಗುತ್ತದೆಂದು ಅದನ್ನು ಬಳಸುವವರು ಎಚ್ಚರವಾಗಿರಬೇಕು. ಅದರಲ್ಲಿ ಪ್ರಾಣಿಗಳಿಗೆ ಪ್ರಾಣಾಂತಿಕವಾದ ವಿಷಾಂಶವಿದೆ. ನಾಯಿ, ಕರು, ಅಂಬೆಗಾಲಿಡುವ ಮಕ್ಕಳು ಇರುವ ಮನೆಗೆ ಅದು ಬೇಡ.

ಎಲುಬಿನ ಪುಡಿಯನ್ನು ಹೊಸ್ತಿಲೊಳಗೆ ತರಲು ನಮ್ಮ ಬಹುಪಾಲು ಮನೆಗಳಲ್ಲಿ ಒಪ್ಪುವುದಿಲ್ಲ. ಅದಿಲ್ಲದೆ ಎಳೆಯ ಗಿಡ ಕೆಡುವುದೂ ಇಲ್ಲ. ಹಿಂಡಿಯಲ್ಲಿಯೂ ಎಲೆಗೊಬ್ಬರದಲ್ಲಿಯೂ ಇರುವ ರಂಜಕವೇ ಹೂಬಿಡದ ಆಲ ಅತ್ತಿಗಳಿಗೆ ಸಾಕಾಗುತ್ತದೆ. ಹೂವಲ್ಲವೆ ಅತ್ತಿಯ ಹಣ್ಣೂ ಎಂದು ಸಸ್ಯಶಾಸ್ತ್ರ ಬಲ್ಲವರು ನಮ್ಮನ್ನು ತಿದ್ದಬಹುದು, ಒಪ್ಪುತ್ತೇವೆ. ಬಂಡೆಯ ರಂಜಕವನ್ನು ಬದಲಿಗೆ ಹಾಕಿರೆಂದು ಸಲಹೆ ಕೊಡುವವರಿದ್ದಾರೆ. ಅದು ಕರಗುವುದು ಹುಳಿ ಮಣ್ಣಿನಲ್ಲಿ. ಗಡಸು ನೀರು ಕುಡಿದ ನಮ್ಮ ಕುಂಡಗಳಲ್ಲಿ ಕಲ್ಲಾಗಿಯೇ ಕುಳಿತಿರುತ್ತದೆ.

ಯಾವ ಗೊಬ್ಬರವೇ ಆಗಲಿ, ಗಿಡವನ್ನು ಹೊಸ ಕುಂಡಕ್ಕೆ ಬದಲಿಸಿ ಬೇರು ಸವರಿದ ಮೇಲೆ ನಾಲ್ಕರಿಂದ ಆರು ವಾರ ಮುಟ್ಟಿಸಬಾರದು. ಗಾಯಗೊಂಡ ಬೇರು ಲವಣವನ್ನು ತಡೆಯದು. ಸೊರಗಿದ ಗಿಡಕ್ಕೆ ಶಕ್ತಿ ಬರಲೆಂದು ಗೊಬ್ಬರ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಜ್ವರದವನಿಗೆ ಹೋಳಿಗೆ ಬಡಿಸುವವರುಂಟೆ? ಮೊದಲು ನೀರು, ಬೆಳಕು, ಬೇರು ಇವುಗಳಲ್ಲಿ ಏನು ಕೆಟ್ಟಿದೆಯೆಂದು ನೋಡಬೇಕು. ಒಣಗಿದ ಮಣ್ಣಿನ ಮೇಲೂ ಹಾಕಬಾರದು. ಹಿಂದಿನ ಸಂಜೆ ನೀರುಣಿಸಿ ಮರುದಿನ ಹಾಕುವುದು ಕ್ಷೇಮ. ಗುಳಿಗೆ ಇರುವಾಗಲೇ ಹಿಂಡಿಯ ಉಂಡೆಯನ್ನೂ, ಮೇಲೆ ದ್ರವಗೊಬ್ಬರವನ್ನೂ ಕೊಡುವ ಅತ್ಯುತ್ಸಾಹಿಗಳನ್ನು ನಾವು ಕಂಡಿದ್ದೇವೆ. ಅವರ ಗಿಡಗಳನ್ನು ಮರುವರ್ಷ ಕಾಣಲಿಲ್ಲ.

ಆಲವು ಬೋನ್ಸಾಯ್‌ಗೆ ಸುಲಭದ ಮರವಲ್ಲವೆಂಬುದನ್ನೂ ಹೇಳಿಬಿಡಬೇಕು. ಅದರ ಎಲೆ ಬಹಳ ಅಗಲ. ಚಿಕ್ಕ ಎಲೆಯ ಅತ್ತಿಜಾತಿಗಳು ನರ್ಸರಿಗಳಲ್ಲಿ ಸಿಗುತ್ತವೆ; ಹೊಸಬರು ಅವುಗಳಿಂದ ಆರಂಭಿಸಲಿ. ನಮಗೆ ಆಯ್ಕೆಯಿರಲಿಲ್ಲ. ಆ ಮರದ ಕುಡಿ ಎಂದು ಈ ಭೂಮಿಯ ಮೇಲೆ ಉಳಿದಿರುವುದು, ನಮಗೆ ತಿಳಿದ ಮಟ್ಟಿಗೆ, ಇದೊಂದೇ.

ಅದು ಈಗ ಮೊಳಕೈ ಉದ್ದ ಬೆಳೆದು, ಬುಡದಲ್ಲಿ ಬಾಳೆಹಣ್ಣಿನಷ್ಟು ದಪ್ಪವಾಗಿದೆ. ಇನ್ನೂ ಸಾದಾ ಮಣ್ಣಿನ ಕುಂಡದಲ್ಲಿಯೇ ಇದೆ. ಕಳೆದ ಮಳೆಗಾಲದಲ್ಲಿ ಎಂದಿನಂತೆ ಜೂನ್‌ನಲ್ಲಿ ಉಂಡೆ ಇಟ್ಟಿದ್ದೆವು. ಆಷಾಢದ ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ಮೊಮ್ಮಗಳು ಮಾಳಿಗೆಯಿಂದ, “ಅಜ್ಜಾ, ಇದಕ್ಕ ದಾರ ಯಾರು ಕಟ್ಟ್ಯಾರ?” ಎಂದು ಕೂಗಿದಳು. ಹೋಗಿ ನೋಡಿದರೆ ಕೆಳಟೊಂಗೆಯಿಂದ ಕೂದಲೆಳೆಯಷ್ಟು ಸಣ್ಣದಾದ, ಕೆಂಪು ತುದಿಯ ಬಿಳಲೊಂದು ಇಳಿಬಿದ್ದಿತ್ತು. ಪ್ರಾಧ್ಯಾಪಕರಿಗೆ ಹೇಳಿಕಳುಹಿಸಿದೆವು. ಅವರು ಎಳನೀರು ಕುಡಿಯುವ ನಳಿಗೆಯೊಂದನ್ನು ಉದ್ದಕ್ಕೆ ಸೀಳಿ, ಬಿಳಲನ್ನು ಅದರೊಳಗೆ ಹಾಯಿಸಿ, ಒದ್ದೆ ಪಾಚಿ ತುರುಕಿ, ಕೆಳತುದಿಯನ್ನು ಕುಂಡದ ಮಣ್ಣಿಗೆ ಊರಿದರು. ಗಾಳಿಗೆ ಒಣಗದೆ ನೆಲ ಮುಟ್ಟಲೆಂದು ಈ ಉಪಾಯ. ದೀಪಾವಳಿಯ ಹೊತ್ತಿಗೆ ಅದು ಮಣ್ಣು ಹಿಡಿದಿತ್ತು. ನಳಿಗೆಯನ್ನು ಇನ್ನೊಂದು ಮಳೆಗಾಲ ತೆಗೆಯಬೇಡಿರೆಂದು ಹೇಳಿದ್ದಾರೆ; ಮೊಮ್ಮಗಳು ದಿನಕ್ಕೆರಡು ಸಲ ಹೋಗಿ ಅದು ಅಲ್ಲಿಯೇ ಇದೆಯೇ ಎಂದು ನೋಡಿಬರುತ್ತಾಳೆ.